ಆಟಿಕೆ ಕಾರು ಪಿಐಆರ್ ಕಣ್ಣಿಗೆ ಬೀಳುವುದಿಲ್ಲ: ಚಲನೆ ಹಿಡಿಯಲು ಯಾವ ಸೆನ್ಸರ್?

ಅಕ್ಕನ ಮಗ ಒಂಬತ್ತನೇ ಕ್ಲಾಸು. ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಆಟಿಕೆ ಕಾರಿನ ವೇಗ ಅಳೆಯುವ ಮಾದರಿ ಮಾಡಲು ಹೊರಟಿದ್ದ. ಇಳಿಜಾರಿಗೆ ಒಂದು ಹಲಗೆ, ಅದರ ಮೇಲೆ ಎರಡು ಕಡೆ ಎರಡು ಸೆನ್ಸರ್, ಲೆಕ್ಕ ಹಾಕಲು ಆರ್ಡುಯಿನೊ ಎಂಬ, ಪ್ರೋಗ್ರಾಂ ಹಾಕಬಹುದಾದ ಒಂದು ಪುಟ್ಟ ಬೋರ್ಡ್. ಅಂಗಡಿಯಲ್ಲಿ "ಮೋಷನ್ ಸೆನ್ಸರ್ ಕೊಡಿ" ಎಂದು ಕೇಳಿದ್ದಾನೆ, ಅವರು ಬಿಳಿ ಗುಮ್ಮಟದ ಎರಡು ಪಿಐಆರ್ (ಪ್ಯಾಸಿವ್ ಇನ್ಫ್ರಾರೆಡ್) ಮಾಡ್ಯೂಲ್ ಕೊಟ್ಟಿದ್ದಾರೆ. ಮೊದಲ ದಿನ ಎಲ್ಇಡಿ ಹತ್ತಿತು, ಸಂಭ್ರಮವೋ ಸಂಭ್ರಮ. ಮರುದಿನ ಸಂಜೆ ಫೋನು. "ಮಾಮ, ನಿನ್ನೆ ಸರಿ ಇತ್ತು. ಇವತ್ತು ಕಾರು ಮುಂದೇನೇ ಹೋದ್ರೂ ಲೈಟ್ ಹತ್ತಲ್ಲ!"

ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಎಂದು ವಿಚಾರಿಸಿದೆ. ನಿನ್ನೆ ಕಾರನ್ನು ಕೈಯಿಂದ ತಳ್ಳಿದ್ದ. ಇವತ್ತು ದಾರ ಕಟ್ಟಿ, ದೂರ ನಿಂತು, ದಾರ ಕತ್ತರಿಸಿ ಬಿಟ್ಟಿದ್ದ. ಮೊದಲ ದಿನ ಸೆನ್ಸರಿಗೆ ಕಂಡದ್ದು ಅವನ ಕೈ. ಕಾರು ಅದಕ್ಕೆ ಒಮ್ಮೆಯೂ ಕಂಡಿರಲಿಲ್ಲ.

ಹವ್ಯಾಸಕ್ಕೆ ಎಲೆಕ್ಟ್ರಾನಿಕ್ಸ್ ಹಿಡಿದವರಲ್ಲಿ ಈ ಪೆಟ್ಟು ತಿನ್ನದವರು ಕಡಿಮೆ. "ಮೋಷನ್ ಸೆನ್ಸರ್" ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಚಲನೆಯನ್ನೇ ನೇರವಾಗಿ ನೋಡುವ ಸೆನ್ಸರ್ ಯಾವುದೂ ಇಲ್ಲ. ಒಂದು ಶಾಖದ ಏರುಪೇರು ನೋಡುತ್ತದೆ, ಇನ್ನೊಂದು ಬೆಳಕಿಗೆ ಅಡ್ಡ ಬಂದದ್ದನ್ನು, ಮತ್ತೊಂದು ದೂರವನ್ನು, ಮಗದೊಂದು ವಾಪಸು ಬಂದ ರೇಡಿಯೊ ಅಲೆಯ ಕಂಪನಾಂಕವನ್ನು. ನಮ್ಮ ವಸ್ತು ಚಲಿಸಿದಾಗ ಇವುಗಳಲ್ಲಿ ಯಾವುದು ಬದಲಾಗುತ್ತದೆ ಎಂದು ಮೊದಲು ಹೇಳಬಲ್ಲೆವಾದರೆ, ಯಾವ ಸೆನ್ಸರ್ ಎಂಬ ಪ್ರಶ್ನೆ ಮುಕ್ಕಾಲು ಪಾಲು ಮುಗಿದಂತೆ. ಅದಕ್ಕೇ ನನ್ನನ್ನು ಯಾರಾದರೂ ಸೆನ್ಸರ್ ಬಗ್ಗೆ ಕೇಳಿದರೆ ನಾನು ತಿರುಗಿ ಕೇಳುವುದು ವಸ್ತುವಿನ ಬಗ್ಗೆ. ಅದು ಬೆಚ್ಚಗಿದೆಯೇ? ಎಷ್ಟು ದೊಡ್ಡದು, ಎಷ್ಟು ವೇಗ? ಯಾವಾಗಲೂ ಒಂದೇ ದಾರಿಯಲ್ಲಿ ಬರುತ್ತದೆಯೋ, ಎಲ್ಲಿಂದಲಾದರೂ ಬರಬಹುದೋ? ಮನೆ ಒಳಗೋ, ಬಿಸಿಲಿಗೋ?

ಪಿಐಆರ್: ಮೈಶಾಖದ ಕಾವಲುಗಾರ

ಎಲ್ಲರ ಕೈಗೂ ಮೊದಲು ಸಿಗುವ ಪಿಐಆರ್ ಎಂದರೆ ಎಚ್‌ಸಿ-ಎಸ್‌ಆರ್501. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಮಾರುವ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಎಲ್ಲರೂ ತಪ್ಪಾಗಿ ಬಳಸುವುದೂ ಇದನ್ನೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಚರ್ಮ ಸುಮಾರು 33 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರುತ್ತದೆ. ಆ ಶಾಖದ ಮೈ ಸದಾ ಅತಿಗೆಂಪು ಕಿರಣ ಸೂಸುತ್ತಿರುತ್ತದೆ. ಅದು ಅತಿ ಹೆಚ್ಚಾಗಿರುವುದು 9ರಿಂದ 10 ಮೈಕ್ರಾನ್ ತರಂಗಾಂತರದಲ್ಲಿ. ಪಿಐಆರ್ ಒಳಗಿನ ಹರಳಿನ ಗುಣ ಏನೆಂದರೆ, ಅದರ ಶಾಖ ಬದಲಾಗುತ್ತಿರುವಾಗ ಮಾತ್ರ ಅದರಲ್ಲಿ ವಿದ್ಯುದಂಶ ಹುಟ್ಟುತ್ತದೆ. ಶಾಖ ಒಂದೇ ಮಟ್ಟದಲ್ಲಿ ನಿಂತರೆ ಸಂಕೇತವೂ ಇಲ್ಲ. ಇಂಥ ಎರಡು ತುಂಡುಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನಕ್ಕೆ ಬಿಸಿಯಾದರೆ ಎರಡರ ಸಂಕೇತವೂ ಪರಸ್ಪರ ವಜಾ ಆಗಿ ಸೊನ್ನೆಯಾಗುತ್ತದೆ. ಮನುಷ್ಯ ಅಡ್ಡ ಹಾದರೆ ಮೊದಲು ಒಂದು ತುಂಡಿಗೆ, ಆಮೇಲೆ ಇನ್ನೊಂದಕ್ಕೆ ಕಾಣುತ್ತಾನೆ; ಸಂಕೇತ ಒಮ್ಮೆ ಮೇಲೆ, ಒಮ್ಮೆ ಕೆಳಗೆ ತೂಗುತ್ತದೆ. ಮಾಡ್ಯೂಲ್ ಮೇಲಿನ ಐಸಿ (ಪುಟ್ಟ ಚಿಪ್) ಈ ತೂಗಾಟವನ್ನು ಗುರುತಿಸಿ ಔಟ್‌ಪುಟ್ ಪಿನ್ನನ್ನು 3.3 ವೋಲ್ಟಿಗೆ ಏರಿಸುತ್ತದೆ.

ಮೇಲಿನ ಬಿಳಿ ಗುಮ್ಮಟ ಬರೀ ಮುಚ್ಚಳ ಅಲ್ಲ. ಫ್ರೆಂಚ್ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ಸಮುದ್ರತೀರದ ದೀಪಸ್ತಂಭಗಳಿಗಾಗಿ ರೂಪಿಸಿದ ಮಸೂರದ ವಂಶದ್ದು ಅದು. ಮುಂದಿನ ಜಾಗವನ್ನು ಬೀಸಣಿಗೆಯ ಕಡ್ಡಿಗಳಂತೆ ಪಟ್ಟಿಪಟ್ಟಿಯಾಗಿ ಸೀಳಿ ಆ ಪುಟ್ಟ ಹರಳಿನ ಮೇಲೆ ತಂದು ಬೀಳಿಸುತ್ತದೆ. ನಡೆಯುವವರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಂತೆಲ್ಲ ಹರಳಿಗೆ ಏರಿಳಿತ ಕಾಣುತ್ತದೆ.

ಇಷ್ಟು ತಿಳಿದರೆ ಪಿಐಆರ್‌ನ ಸ್ವಭಾವವೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಆಟಿಕೆ ಕಾರಿನ ಶಾಖವೂ ಗೋಡೆಯ ಶಾಖವೂ ಒಂದೇ, ಹಾಗಾಗಿ ಕಾರು ಅದಕ್ಕೆ ಗೋಡೆಯೊಳಗೆ ಗೋಡೆ. ಸೆನ್ಸರಿನ ಕಡೆಗೆ ನೇರ ನಡೆದು ಬರುವವರು ಪಟ್ಟಿಗಳನ್ನು ದಾಟುವುದು ಕಡಿಮೆ, ಅದಕ್ಕೇ ತಡವಾಗಿ ಹಿಡಿಯುತ್ತದೆ. ಮೊಗಸಾಲೆಯ ದೀಪಕ್ಕೆ ಹಾಕುವುದಾದರೆ ತುದಿಯ ಗೋಡೆಗಿಂತ ಪಕ್ಕದ ಗೋಡೆ ಲೇಸು. ಮಳೆಗೆ ನೆನೆಯದಿರಲಿ ಎಂದು ಅದರ ಮುಂದೆ ಗಾಜು ಹಾಕಿದರೆ ಪೂರಾ ಕುರುಡು: ನಮಗೆ ಪಾರದರ್ಶಕವಾದ ಗಾಜು ಆ ಕಿರಣಗಳಿಗೆ ಗೋಡೆಯಿದ್ದಂತೆ. ಗುಮ್ಮಟವನ್ನು ಹಾಲುಬಣ್ಣದ ಪಾಲಿಥಿನ್‌ನಲ್ಲಿ ಮಾಡುವುದು ಇದೇ ಕಾರಣಕ್ಕೆ.

ಇನ್ನು ನಮ್ಮ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹಗಲಿನ ಶಾಖ 40 ಡಿಗ್ರಿ ದಾಟುತ್ತದೆ. ಕಾದ ಗೋಡೆಯೂ ನಮ್ಮ ಚರ್ಮವೂ ಒಂದೇ ಶಾಖಕ್ಕೆ ಬಂದ ಹೊತ್ತಿನಲ್ಲಿ ಮನುಷ್ಯನೂ ಆ ಆಟಿಕೆ ಕಾರಿನಂತೆಯೇ ಮರೆಯಾಗುತ್ತಾನೆ. ಚಳಿಗಾಲದಲ್ಲಿ ಐದಾರು ಮೀಟರ್ ದೂರದಿಂದಲೇ ಹಿಡಿದ ಅದೇ ಮಾಡ್ಯೂಲ್ ಬೇಸಿಗೆಯ ಮಧ್ಯಾಹ್ನ ಕೈ ಕೊಟ್ಟರೆ ಅದು ಕೆಟ್ಟಿದೆ ಎಂದು ಎಸೆಯಬೇಡಿ. ರಾತ್ರಿ ಮತ್ತೆ ಪರೀಕ್ಷಿಸಿ ನೋಡಿ.

ಎಸ್‌ಆರ್501ರ ಹಿಂಬದಿಯಲ್ಲಿ ತಿರುಗಿಸುವ ಎರಡು ಕಿತ್ತಳೆ ಬಣ್ಣದ ಬಿರಡೆಗಳಿವೆ. ಒಂದು ಎಷ್ಟು ದೂರ ನೋಡಬೇಕು ಎಂಬುದಕ್ಕೆ, ಸುಮಾರು 3ರಿಂದ 7 ಮೀಟರ್. ಇನ್ನೊಂದು ಔಟ್‌ಪುಟ್ ಎಷ್ಟು ಹೊತ್ತು ಹೈ (ಅಂದರೆ 3.3 ವೋಲ್ಟಿನಲ್ಲಿ) ಆಗಿರಬೇಕು ಎಂಬುದಕ್ಕೆ, ಕೆಲವು ಸೆಕೆಂಡಿನಿಂದ ಕೆಲವು ನಿಮಿಷದವರೆಗೆ. ಹೈ ಇಳಿದ ಮೇಲೆ ಎರಡು ಮೂರು ಸೆಕೆಂಡು ಅದು ಏನನ್ನೂ ನೋಡುವುದಿಲ್ಲ. ವಿದ್ಯುತ್ ಕೊಟ್ಟ ಮೊದಲ ಒಂದು ನಿಮಿಷ ಮನಬಂದಂತೆ ಹತ್ತಿ ಆರುತ್ತದೆ. ಆ ಹೊತ್ತಿನ ಸಂಕೇತವನ್ನು ಪ್ರೋಗ್ರಾಂನಲ್ಲೇ ಕಡೆಗಣಿಸಿ. ವೇಗ ಅಳೆಯಲು ಇದು ಏಕೆ ಒಗ್ಗದು ಎಂಬುದಕ್ಕೆ ಈ ಸೆಕೆಂಡುಗಳ ಲೆಕ್ಕವೇ ಸಾಕು. ಹುಡುಗನ ಕಾರು ಇಡೀ ಹಲಗೆ ಇಳಿಯಲು ತೆಗೆದುಕೊಳ್ಳುತ್ತಿದ್ದದ್ದು ಒಂದು ಸೆಕೆಂಡು.

ವೈಫೈ ಬೋರ್ಡ್ ಬಳಸುವವರಿಗೆ ಇನ್ನೊಂದು ಮಾತು. ಇಎಸ್‌ಪಿ8266 ಅಥವಾ ಇಎಸ್‌ಪಿ32 ಬೋರ್ಡಿಗೆ ಅಂಟಿಸಿದಂತೆ ಪಿಐಆರ್ ಇಟ್ಟರೆ, ಬೋರ್ಡ್ ವೈಫೈಯಲ್ಲಿ ಮಾತಾಡಿದಾಗಲೆಲ್ಲ ಪಿಐಆರ್ ಬೆಚ್ಚಿಬೀಳುವುದುಂಟು. ಯಾರೂ ಇಲ್ಲದ ಕೋಣೆಯಲ್ಲಿ ಮತ್ತೆ ಮತ್ತೆ "ಚಲನೆ" ಎಂದು ಸಂದೇಶ ಬರುತ್ತಿದ್ದರೆ ಮೊದಲು ಎರಡನ್ನೂ ಒಂದು ಗೇಣಿನಷ್ಟಾದರೂ ದೂರ ಇಟ್ಟು ನೋಡಿ.

ರೇಡಾರ್, ಮತ್ತು ಮನೆಯ ಫ್ಯಾನು

ಪಿಐಆರ್ ಬಿಟ್ಟರೆ ಜನ ಕೈ ಹಾಕುವುದು ಆರ್‌ಸಿಡಬ್ಲ್ಯುಎಲ್-0516 ಎಂಬ ಪುಟ್ಟ ಹಸಿರು ಹಲಗೆಗೆ. ಸುಮಾರು 3.2 ಗಿಗಾಹರ್ಟ್ಸ್‌ನ ರೇಡಿಯೊ ಅಲೆ ಬಿಟ್ಟು, ತಗುಲಿ ವಾಪಸು ಬಂದ ಅಲೆಯೊಡನೆ ಹೋಲಿಸುತ್ತದೆ. ನಿಂತ ವಸ್ತುವಿಗೆ ತಗುಲಿದ ಅಲೆ ಹೋದ ಕಂಪನಾಂಕದಲ್ಲೇ ಮರಳುತ್ತದೆ, ಚಲಿಸುವ ವಸ್ತುವಿಗೆ ತಗುಲಿದ್ದು ಸ್ವಲ್ಪ ಬದಲಾಗಿ ಮರಳುತ್ತದೆ. ಹತ್ತಿರ ಬರುವ ಆಂಬುಲೆನ್ಸಿನ ಸದ್ದು ದೂರ ಹೋಗುವಾಗ ದಪ್ಪವಾಗುತ್ತದಲ್ಲ, ಅದೇ ಡಾಪ್ಲರ್ ಪರಿಣಾಮ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ್ದು.

ಇದಕ್ಕೆ ಶಾಖ ಬೇಕಿಲ್ಲ, ಬೇಸಿಗೆಯ ಚಿಂತೆಯಿಲ್ಲ. ಪ್ಲಾಸ್ಟಿಕ್ ಡಬ್ಬಿಯ ಒಳಗೆ, ಮರದ ಬಾಗಿಲ ಹಿಂದೆ ಅಡಗಿಸಿಟ್ಟರೂ ಕೆಲಸ ಮಾಡುತ್ತದೆ. ಲೋಹದ ಡಬ್ಬಿ ಮಾತ್ರ ಆಗದು. ಇದರ ಬಲವೇ ಇದರ ದೌರ್ಬಲ್ಯ ಕೂಡ. ತೆಳು ಗೋಡೆಯಾಚೆ ಪಕ್ಕದ ಮನೆಯವರು ಓಡಾಡಿದರೂ ಹಿಡಿದುಬಿಡುತ್ತದೆ. ಹಿಂದೆ ಮುಂದೆ ಎಂಬ ಭೇದವೂ ಅದಕ್ಕೆ ಹೆಚ್ಚಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ತಲೆಯ ಮೇಲೆ ತಿರುಗುತ್ತಿರುತ್ತದೆ: ಸೀಲಿಂಗ್ ಫ್ಯಾನು. ಲೋಹದ ಮೂರು ರೆಕ್ಕೆ ಬಿಡುವಿಲ್ಲದೆ ಸುತ್ತುವುದಕ್ಕಿಂತ ಉತ್ತಮ ಚಲನೆ ರೇಡಾರಿಗೆ ಇನ್ನೇನು ಬೇಕು? ಹೀಟರ್ ಹಾಕುವ ಚಳಿದೇಶದ ಮನೆಯಲ್ಲಿ ಚೆನ್ನಾಗಿ ಓಡಿದ ಪ್ರಾಜೆಕ್ಟು ನಮ್ಮ ಹಾಲ್‌ನಲ್ಲಿ ದೀಪವನ್ನು ಆರಿಸುವುದೇ ಇಲ್ಲ. ಪಿಐಆರ್‌ಗೆ ಫ್ಯಾನಿನ ಕಾಟ ಇಷ್ಟಿಲ್ಲ, ರೆಕ್ಕೆಯ ಶಾಖವೂ ಕೋಣೆಯ ಶಾಖವೂ ಒಂದೇ ಆದ್ದರಿಂದ.

ವೇಗವನ್ನೂ ಅಳೆಯಬೇಕೆಂಬ ಆಸೆಯಿದ್ದವರು ಎಚ್‌ಬಿ100 ತರುತ್ತಾರೆ. 10.525 ಗಿಗಾಹರ್ಟ್ಸ್‌ನದು. ಲೆಕ್ಕ ಸರಳ: ನೇರ ಬರುವ ವಸ್ತುವಿನ ವೇಗದ ಪ್ರತಿ 1 ಕಿ.ಮೀ./ಗಂಟೆಗೆ ಸುಮಾರು 19.5 ಹರ್ಟ್ಸ್. ಗಂಟೆಗೆ 5 ಕಿ.ಮೀ. ನಡೆಯುವವರಿಗೆ 97 ಹರ್ಟ್ಸ್ ಬರಬೇಕು. ಇಲ್ಲೊಂದು ಗುಂಡಿಯಿದೆ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಕೊಳವೆಯೊಳಗಿನ ಅನಿಲ ಆ ಲಯದಲ್ಲೇ ರೇಡಾರ್ ಅಲೆಯನ್ನು ಪ್ರತಿಫಲಿಸುತ್ತದೆ. ಹೀಗಾಗಿ ಹಳೆಯ ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಎಚ್‌ಬಿ100ಕ್ಕೆ ಯಾರೋ ಸದಾ ವಾಕಿಂಗ್ ಮಾಡುತ್ತಿರುವಂತೆ ತೋರುತ್ತದೆ. ಅದರ ಸಂಕೇತವೂ ತೀರಾ ಕ್ಷೀಣ, ಆಂಪ್ಲಿಫೈಯರ್ ಕಟ್ಟದೆ ಆರ್ಡುಯಿನೊಗೆ ಕೊಡುವಂತಿಲ್ಲ. ಆಪ್‌ಆಂಪ್ (ಆಂಪ್ಲಿಫೈಯರ್ ಕಟ್ಟುವ ಚಿಪ್) ಬಳಸಿ ಪಳಗಿದವರಿಗೆ ಇದು ಸೊಗಸಾದ ಕೆಲಸ, ಮೊದಲ ಪ್ರಾಜೆಕ್ಟಿಗೆ ಬೇಡ.

ಈಚೆಗೆ ಬಂದ 24 ಗಿಗಾಹರ್ಟ್ಸ್‌ನ ಎಲ್‌ಡಿ2410 ಮಾತ್ರ ನನಗೆ ನಿಜವಾಗಿ ಇಷ್ಟವಾದದ್ದು. ಪಿಐಆರ್ ದೀಪದ ಕೆಳಗೆ ಅಲುಗಾಡದೆ ಕೂತು ಓದುತ್ತಿದ್ದರೆ ದೀಪ ಆರಿಹೋಗಿ ಕೈ ಬೀಸಬೇಕಾಗುತ್ತದಲ್ಲ? ಇದು ಉಸಿರಾಟಕ್ಕೆ ಎದೆ ಏರಿಳಿಯುವುದನ್ನೂ ಗುರುತಿಸುವಷ್ಟು ಸೂಕ್ಷ್ಮ. ಮುಂದಿನ ಜಾಗವನ್ನು 75 ಸೆಂಟಿಮೀಟರಿನ ಪಟ್ಟಿಗಳಾಗಿ ಹಂಚಿ ಪ್ರತಿ ಪಟ್ಟಿಗೂ ಬೇರೆ ಬೇರೆ ಸೂಕ್ಷ್ಮತೆ ನಿಗದಿ ಮಾಡಬಹುದು. ಫ್ಯಾನು ಇರುವ ದೂರದ ಪಟ್ಟಿಯನ್ನು ಮಂದ ಮಾಡಿದರೆ ಕಾಟ ಬಹಳ ಕಡಿಮೆಯಾಗುತ್ತದೆ.

ಕಾರಿಗೆ ಬೇಕಾದದ್ದು ಬೆಳಕಿನ ಬೇಲಿ

ಹುಡುಗನ ಕಾರಿಗೆ ಮರಳೋಣ. ವಸ್ತು ತಣ್ಣಗಿದೆ, ಚಿಕ್ಕದು, ವೇಗ ಹೆಚ್ಚು. ಆದರೆ ಒಂದು ದೊಡ್ಡ ಅನುಕೂಲ ನಮ್ಮ ಕಡೆಗಿದೆ: ಅದು ಬರುವ ದಾರಿ ನಮಗೆ ಗೊತ್ತು. ದಾರಿ ಗೊತ್ತಿದ್ದ ಮೇಲೆ ಇಡೀ ಕೋಣೆ ಕಾಯುವುದೇಕೆ? ಹಾದಿಗೆ ಅಡ್ಡಲಾಗಿ ಬೆಳಕಿನ ಒಂದು ಎಳೆ ಕಟ್ಟಿ, ಅದು ಕಡಿದ ಗಳಿಗೆಯನ್ನು ಬರೆದುಕೊಂಡರೆ ಆಯಿತು. ಒಂದು ಬದಿಗೆ ಇನ್ಫ್ರಾರೆಡ್ ಎಲ್ಇಡಿ, ಎದುರು ಬದಿಗೆ ಆ ಬೆಳಕು ಬಿದ್ದಾಗ ವಿದ್ಯುತ್ ಹರಿಯಬಿಡುವ ಫೋಟೊಟ್ರಾನ್ಸಿಸ್ಟರ್. ಎಲ್ಇಡಿ ಉರಿಯುತ್ತಿದೆಯೇ ಎಂದು ಕಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಸಾಮಾನ್ಯವಾಗಿ ನೇರಳೆ ಚುಕ್ಕೆಯಾಗಿ ಕಾಣುತ್ತದೆ.

ಪ್ಯಾಕೆಟ್ಟಿನಲ್ಲಿ ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ರೋಧ ಬದಲಾಗುವ ರೆಸಿಸ್ಟರ್) ಇದೆ, ಅದನ್ನೇ ಹಾಕಲೇ ಎಂದು ಅವನು ಕೇಳಿದ. ಎಲ್‌ಡಿಆರ್ ನಿಧಾನದ ಆಸಾಮಿ, ಬೆಳಕು ಹೋದದ್ದು ಅದಕ್ಕೆ ಅರಿವಾಗಲು ಹತ್ತಾರು ಮಿಲಿಸೆಕೆಂಡು ಬೇಕು. ಸೆಕೆಂಡಿಗೆ 2 ಮೀಟರ್ ಉರುಳುವ 16 ಮಿ.ಮೀ. ಗೋಲಿ ಬೆಳಕಿನ ಎಳೆಯನ್ನು ಮರೆ ಮಾಡುವುದು 8 ಮಿಲಿಸೆಕೆಂಡು ಮಾತ್ರ. ಎಲ್‌ಡಿಆರ್ ಎಚ್ಚರಗೊಳ್ಳುವ ಮುನ್ನವೇ ಗೋಲಿ ದಾಟಿರುತ್ತದೆ. ಫೋಟೊಟ್ರಾನ್ಸಿಸ್ಟರಿಗೆ ಮೈಕ್ರೋಸೆಕೆಂಡುಗಳು ಸಾಕು.

ಎರಡು ಎಳೆಗಳನ್ನು 20 ಸೆಂಟಿಮೀಟರ್ ಅಂತರದಲ್ಲಿ ಕಟ್ಟಿದೆವು. ಮೊದಲನೆಯದು ಕಡಿದು 0.16 ಸೆಕೆಂಡಿಗೆ ಎರಡನೆಯದು ಕಡಿದರೆ ವೇಗ ಸೆಕೆಂಡಿಗೆ 1.25 ಮೀಟರ್, ಅಂದರೆ ಗಂಟೆಗೆ 4.5 ಕಿಲೋಮೀಟರ್. ಆರ್ಡುಯಿನೊ ಊನೊ 4 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಸಮಯ ಎಣಿಸಬಲ್ಲದು, ಹಾಗಾಗಿ ತಪ್ಪು ನುಸುಳುವುದು ಗಡಿಯಾರದಿಂದಲ್ಲ, ಅಳತೆಪಟ್ಟಿಯಿಂದ: 20 ಸೆಂಟಿಮೀಟರಿನಲ್ಲಿ 2 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಫಲಿತಾಂಶ ಶೇ. 1ರಷ್ಟು ತಪ್ಪುತ್ತದೆ. ಎಳೆಯನ್ನು ಚಕ್ರದ ಎತ್ತರಕ್ಕೆ ಕಟ್ಟಬೇಡಿ, ಮುಂದಿನ ಚಕ್ರ ಒಮ್ಮೆ, ಹಿಂದಿನ ಚಕ್ರ ಒಮ್ಮೆ ಕಡಿದು ಎರಡು ಕಾರು ಹೋದಂತೆ ಎಣಿಕೆಯಾಗುತ್ತದೆ. ಬಾನೆಟ್ಟಿನ ಎತ್ತರ ಸರಿ. ಎರಡೂ ಕಡೆ ಬೆಳಕು ಮೊದಲ ಬಾರಿ ಕಡಿದ ಗಳಿಗೆಯನ್ನೇ, ಇಂಟರಪ್ಟ್ (ಪಿನ್ ಬದಲಾದ ಕೂಡಲೇ ಬೇರೆ ಕೆಲಸ ಬಿಟ್ಟು ಅದನ್ನು ಗಮನಿಸುವ ಏರ್ಪಾಡು) ಮೂಲಕ, ತೆಗೆದುಕೊಳ್ಳಿ.

ಬಿಸಿಲಿನಲ್ಲಿಯೂ ಇನ್ಫ್ರಾರೆಡ್ ಧಾರಾಳವಾಗಿದೆ. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಸಿಲು ಬಿದ್ದರೆ ಫೋಟೊಟ್ರಾನ್ಸಿಸ್ಟರ್ ತುಂಬಿಹೋಗಿ, ಕಾರು ಅಡ್ಡ ಬಂದರೂ ಅದಕ್ಕೆ ಬೆಳಕೇ ಬೆಳಕು. ಅದರ ಮುಂದೆ ಒಂದೂವರೆ ಅಂಗುಲದ ಕಪ್ಪು ಸ್ಟ್ರಾ ತುಂಡು ಸಿಕ್ಕಿಸಿದರೆ ಎದುರಿನ ಎಲ್ಇಡಿ ಬಿಟ್ಟು ಬೇರೇನೂ ಕಾಣದು. ನಾವು ಮಾಡಿದ್ದು ಇಷ್ಟೇ. ಬಯಲಿನಲ್ಲಿ ಕಟ್ಟುವವರು ಟಿವಿ ರಿಮೋಟಿನಂತೆ ಬೆಳಕನ್ನು 38 ಕಿಲೋಹರ್ಟ್ಸ್‌ನಲ್ಲಿ ಮಿಡಿಸಿ, ಆ ಮಿಡಿತಕ್ಕೆ ಮಾತ್ರ ಓಗೊಡುವ ಟಿಎಸ್‌ಒಪಿ1738 ಎಂಬ ರಿಸೀವರ್ ಬಳಸುತ್ತಾರೆ. ಅದನ್ನು ರೂಪಿಸಿರುವುದು ರಿಮೋಟಿಗಾಗಿ ಎಂಬುದು ನೆನಪಿರಲಿ. ಬಿಡುವಿಲ್ಲದೆ ಮಿಡಿಯುವ ಬೆಳಕನ್ನು ಅದು ಗದ್ದಲವೆಂದು ತಿಳಿದು ಕಿವಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಸಣ್ಣ ಸಣ್ಣ ಕಂತುಗಳಲ್ಲಿ, ನಡುವೆ ಬಿಡುವು ಕೊಟ್ಟು ಕಳಿಸಬೇಕು.

ಎಲ್ಇಡಿಯೂ ರಿಸೀವರೂ ಒಂದೇ ಬದಿಗಿರುವ ಅಗ್ಗದ ಅಡೆತಡೆ ಮಾಡ್ಯೂಲ್ ಕೂಡ ಸಿಗುತ್ತದೆ. ಅದು ಪ್ರತಿಫಲನ ನಂಬಿದ್ದು. ಬಿಳಿ ಕಾರನ್ನು ದೂರದಿಂದ ಹಿಡಿದರೆ ಕಪ್ಪು ಕಾರನ್ನು ಮೂಗಿನ ತುದಿಗೆ ಬಂದ ಮೇಲಷ್ಟೇ ಹಿಡಿಯುತ್ತದೆ. ಎರಡು ಕಾರಿನ ಪಂದ್ಯಕ್ಕೆ ಅದನ್ನು ಹಾಕಿದರೆ ಬಣ್ಣ ಗೆಲ್ಲುತ್ತದೆ, ಕಾರಲ್ಲ.

ದೂರ ಅಳೆಯುವವು

ಎರಡು ಕಣ್ಣಿನ ಗೊಂಬೆಯಂತಿರುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಬಾವಲಿಯ ಉಪಾಯ ಬಳಸುತ್ತದೆ: 40 ಕಿಲೋಹರ್ಟ್ಸ್ ಸದ್ದು ಬಿಟ್ಟು ಪ್ರತಿಧ್ವನಿ ಬರಲು ಹಿಡಿದ ಸಮಯ ಎಣಿಸುವುದು. 58 ಮೈಕ್ರೋಸೆಕೆಂಡಿಗೆ ಒಂದು ಸೆಂಟಿಮೀಟರ್. 2 ಸೆಂಟಿಮೀಟರಿನಿಂದ 4 ಮೀಟರ್ ಎಂದು ಬರೆದಿರುತ್ತಾರೆ. ನಂಬಬಹುದಾದದ್ದು ಎರಡು ಮೀಟರ್ ಎಂದು ನನ್ನ ಅನುಭವ. ಪಾರ್ಕಿಂಗ್‌ನಲ್ಲಿ ಕಾರು ಬಂತೇ, ಟ್ಯಾಂಕಿಯ ನೀರು ಏರಿತೇ, ರೋಬೋ ಗೋಡೆಗೆ ಗುದ್ದುತ್ತದೆಯೇ ಎಂಬಂಥ ನಿಧಾನದ ಕೆಲಸಕ್ಕೆ ಇದು ಒಳ್ಳೆಯದು. ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ 60 ಮಿಲಿಸೆಕೆಂಡು ಬಿಡಬೇಕು. ಅಷ್ಟರಲ್ಲಿ ನಮ್ಮ ಆಟಿಕೆ ಕಾರು ಏಳೂವರೆ ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಪರದೆ, ಉಣ್ಣೆ, ಪ್ರಾಣಿಯ ತುಪ್ಪಳ ಸದ್ದನ್ನು ನುಂಗುತ್ತವೆ. ಓರೆಯಾಗಿ ನಿಂತ ನುಣುಪು ಹಲಗೆ ಅದನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಬೆಕ್ಕು, ನಾಯಿಗಳಿಗೆ 40 ಕಿಲೋಹರ್ಟ್ಸ್ ಕೇಳಿಸುತ್ತದೆ, ಆದ್ದರಿಂದ ಹಾಲು ಕದಿಯುವ ಬೆಕ್ಕನ್ನು ಇದರಿಂದ ಹಿಡಿಯಲು ಕೂರಬೇಡಿ. ಇದರ ಎಕೊ (ಪ್ರತಿಧ್ವನಿಯ ಸಮಯ ತಿಳಿಸುವ) ಪಿನ್ನಿನಿಂದ 5 ವೋಲ್ಟ್ ಬರುತ್ತದೆ. ಇಎಸ್‌ಪಿ32ಕ್ಕೆ ಕೊಡುವ ಮುನ್ನ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಜೋಡಿಯಿಂದ 3.3ಕ್ಕೆ ಇಳಿಸಿ.

ವಿಎಲ್53ಎಲ್0ಎಕ್ಸ್ ಎಂಬುದು ಇದೇ ಕೆಲಸವನ್ನು ಕಣ್ಣಿಗೆ ಕಾಣದ ಲೇಸರಿನಿಂದ ಮಾಡುತ್ತದೆ. ಕಾಳಿನಷ್ಟು ಸಣ್ಣದು, ಸುಮಾರು 2 ಮೀಟರ್‌ವರೆಗೆ, ಸೆಕೆಂಡಿಗೆ ಮೂವತ್ತು ಸಲ ಅಳೆಯುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಎರಡನ್ನು ಮುಂದೆ ಹಿಂದೆ ಇಟ್ಟು, ಯಾವುದು ಮೊದಲು ಕಂಡಿತು ಎಂಬುದರಿಂದ ಜನ ಒಳಗೆ ಬಂದರೋ ಹೊರಗೆ ಹೋದರೋ ಎಣಿಸುವುದಕ್ಕೆ ಬಹಳ ಚೆಂದ. ಎರಡಕ್ಕೂ ಕಾರ್ಖಾನೆಯಿಂದ ಒಂದೇ ಐ2ಸಿ ವಿಳಾಸ (ಒಂದೇ ತಂತಿಗಳಲ್ಲಿರುವ ಸೆನ್ಸರ್‌ಗಳನ್ನು ಬೋರ್ಡ್ ಗುರುತಿಸುವ ಸಂಖ್ಯೆ) ಬಂದಿರುತ್ತದೆ, ಪ್ರೋಗ್ರಾಂ ಶುರುವಾದಾಗ ಒಂದನ್ನು ಮಲಗಿಸಿಟ್ಟು ಇನ್ನೊಂದರ ವಿಳಾಸ ಬದಲಿಸಬೇಕು. ಬಿರುಬಿಸಿಲಿಗೆ ಇದೂ ಕಂಗೆಡುತ್ತದೆ.

ವಸ್ತು ನಿಮ್ಮದೇ ಆಗಿದ್ದರೆ ಇಷ್ಟೆಲ್ಲ ಬೇಡ. ಸೈಕಲ್ ಚಕ್ರ, ಗೇಟು, ರಾಟೆ, ಇಂಥವಕ್ಕೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿ, ಅಯಸ್ಕಾಂತ ಹತ್ತಿರ ಬಂದದ್ದನ್ನು ಗುರುತಿಸುವ ಹಾಲ್ ಸೆನ್ಸರ್ ಇಲ್ಲವೇ ರೀಡ್ ಸ್ವಿಚ್ ಎದುರಿಗಿಡಿ. ಮಳೆ, ಬಿಸಿಲು, ಧೂಳು, ಬಣ್ಣ ಯಾವುದೂ ಅದಕ್ಕೆ ತಾಗದು.

ಬ್ಯಾಟರಿಯ ಲೆಕ್ಕ, ಬಯಲಿನ ಲೆಕ್ಕ

ತೋಟದ ಅಂಚಿನಲ್ಲಿ ಹಂದಿ ಬಂದರೆ ಎಚ್ಚರಿಸುವ ಪೆಟ್ಟಿಗೆ ಮಾಡಬೇಕೆಂದಿರುವವರು ಸೆನ್ಸರಿನ ಹಸಿವನ್ನೂ ನೋಡಬೇಕು. 2000 ಮಿಲಿಆಂಪ್-ಗಂಟೆಯ ಬ್ಯಾಟರಿ ಇದೆಯೆನ್ನಿ. ಸುಮಾರು 80 ಮಿಲಿಆಂಪ್ ತಿನ್ನುವ ಎಲ್‌ಡಿ2410 ಅದನ್ನು ಒಂದು ದಿನದಲ್ಲಿ ಬರಿದು ಮಾಡುತ್ತದೆ. ಸುಮಾರು 3 ಮಿಲಿಆಂಪ್‌ನ ಆರ್‌ಸಿಡಬ್ಲ್ಯುಎಲ್ ನಾಲ್ಕು ವಾರದ ಒಳಗೆ. ಪಿಐಆರ್ ಕಾಯುವಾಗ ತಿನ್ನುವುದು 60 ಮೈಕ್ರೋಆಂಪ್ ಆಸುಪಾಸು, ಲೆಕ್ಕದ ಪ್ರಕಾರ ಮೂರು ವರ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಬ್ಯಾಟರಿ ತಾನಾಗಿಯೇ ಸೋರಿರುತ್ತದೆ. ಕಾಡಿನ ಕ್ಯಾಮೆರಾ ಟ್ರ್ಯಾಪ್‌ಗಳು ಪಿಐಆರ್ ನಂಬಿರುವುದು ಇದಕ್ಕೇ. ಪ್ರಾಣಿ ಬೆಚ್ಚಗಿರುತ್ತದೆ, ರಾತ್ರಿ ತಣ್ಣಗಿರುತ್ತದೆ, ಪಿಐಆರ್‌ಗೆ ಇನ್ನೇನು ಬೇಕು. ಒಂದೇ ಲಿಥಿಯಂ ಸೆಲ್ಲಿನ 3.7 ವೋಲ್ಟಿಗೆ ಎಸ್‌ಆರ್501 ಸರಿಯಾಗಿ ಓಡದು, ಅಲ್ಲಿ 2.7 ವೋಲ್ಟಿನಿಂದಲೇ ನಡೆಯುವ ಎಎಂ312 ಹಾಕಿ. ದೂರ ಸ್ವಲ್ಪ ಕಡಿಮೆ, ಮೂರರಿಂದ ಐದು ಮೀಟರ್.

ಬಯಲಿನಲ್ಲಿ ಸುಳ್ಳು ಎಚ್ಚರಿಕೆಗಳೇ ದೊಡ್ಡ ತಲೆನೋವು. ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ಅಲುಗಿದರೆ ಪಿಐಆರ್ ಕೂಗುತ್ತದೆ, ಮಳೆ ಹನಿಗೆ ರೇಡಾರ್ ಕೂಗುತ್ತದೆ. ಆದರೆ ಎರಡೂ ಒಟ್ಟಿಗೆ ಒಂದೇ ಸುಳ್ಳು ಹೇಳುವುದು ಅಪರೂಪ. ಪಿಐಆರ್ ಎಚ್ಚೆತ್ತಾಗ ಮಾತ್ರ ರೇಡಾರಿಗೆ ವಿದ್ಯುತ್ ಕೊಟ್ಟು, ಅದು ಸುಧಾರಿಸಿಕೊಳ್ಳುವಷ್ಟು ಹೊತ್ತು ಬಿಟ್ಟು, ಅದೂ ಹೌದೆಂದರೆ ಗಂಟೆ ಬಾರಿಸಿ. ಬ್ಯಾಟರಿಯೂ ಉಳಿಯುತ್ತದೆ, ನೆರೆಯವರ ನಿದ್ದೆಯೂ.

ಕ್ಯಾಮೆರಾ ಹಾಕಬಾರದೇ ಎಂದು ಕೇಳುತ್ತಾರೆ. ಬಂದದ್ದು ಹಂದಿಯೋ ಹಸುವೋ ಎಂದು ತಿಳಿಯಲೇಬೇಕಾದರೆ ಇಎಸ್‌ಪಿ32-ಕ್ಯಾಮ್ ಹಾಕಿ, ಆದರೆ ಅದನ್ನು ಸದಾ ತೆರೆದಿಡಬೇಡಿ. ಪಿಐಆರ್ ಕರೆದಾಗ ಎದ್ದು ಒಂದು ಫೋಟೊ ತೆಗೆದು ಮಲಗಲಿ.

ಯಾವುದನ್ನೇ ಆರಿಸಿದರೂ ಬೆಸುಗೆ ಹಾಕುವ ಮುನ್ನ ಒಂದು ಕೆಲಸ ಮಾಡಿ. ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಮೇಲೆಯೇ ಜೋಡಿಸಿ, ಅದು ಕೊನೆಗೆ ಇರಬೇಕಾದ ಜಾಗದಲ್ಲೇ ಒಂದು ಹಗಲು ಒಂದು ರಾತ್ರಿ ಬಿಡಿ, ಪ್ರತಿ ಎಚ್ಚರಿಕೆಯ ಸಮಯವನ್ನೂ ಬರೆದಿಡುವ ನಾಲ್ಕು ಸಾಲಿನ ಪ್ರೋಗ್ರಾಂ ಹಾಕಿ. ಮರುದಿನ ಆ ಪಟ್ಟಿ ಹಿಡಿದು ಕೂತರೆ ಮಧ್ಯಾಹ್ನದ ಬಿಸಿಲು, ಸಂಜೆಯ ಫ್ಯಾನು, ಬೆಳಗಿನ ಜಾವದ ಹಾಲಿನವನು, ಎಲ್ಲರೂ ತಂತಮ್ಮ ಗಂಟೆಯಲ್ಲಿ ಸಾಲಾಗಿ ನಿಂತಿರುತ್ತಾರೆ. ಅಕ್ಕನ ಮಗ ಹಾಗೆ ಮಾಡಿದಾಗ ಅವನ ಬೆಳಕಿನ ಬೇಲಿ ರಾತ್ರಿ ಎರಡೂಕಾಲು ಗಂಟೆಗೆ ಒಮ್ಮೆ ಕಡಿದಿತ್ತು. ಮೊದಲ ಎಳೆಗೂ ಎರಡನೆಯದಕ್ಕೂ ನಡುವೆ ಹನ್ನೊಂದು ಸೆಕೆಂಡು, ಅಂದರೆ ಸೆಕೆಂಡಿಗೆ ಎರಡು ಸೆಂಟಿಮೀಟರ್ ಕೂಡ ಇಲ್ಲ. ಹಲಗೆಯ ಮೇಲೆ ಹಲ್ಲಿ ನಡೆದು ಹೋಗಿರಬೇಕು ಎಂಬುದು ಅವನ ತೀರ್ಮಾನ. ಆ ವೇಗವನ್ನೂ ಚಾರ್ಟಿನಲ್ಲಿ ಕಾರಿನ ಪಕ್ಕದಲ್ಲೇ ಬರೆದ.